ಬಿರುಕು ಎಲ್ಲಿಂದ ಹೊರಟಿತು?

ಗಾಡಿಗಳ ಮುಂದಿನ ಗಾಜು ಕೂಡಿಸುವುದು ನನ್ನ ಕೆಲಸವಾಗಿತ್ತು. ನಮ್ಮ ಬೀದರ್ ಕಡೆ ಗಾಜಿಗೆ ಕಾಚ ಅನ್ನುತ್ತಾರೆ. ಹಾಗಾಗಿ ಹುಮನಾಬಾದದಲ್ಲಿ ಯಾರನ್ನು ಕೇಳಿದರೂ ನನ್ನ ಹೆಸರು ಕಾಚಿನ ವೈಜಿನಾಥ. ಈಗ ಮೊಣಕಾಲು ಬಗ್ಗುವುದಿಲ್ಲ, ಅಂಗಡಿ ಬಿಟ್ಟಿದ್ದೇನೆ. ಹೆದ್ದಾರಿಯ ಬದಿ ಇದೇ ಕೆಲಸಕ್ಕೆ ಇಳಿದ ಹೊಸಬರು ಆಗಾಗ ಮನೆಗೆ ಬಂದು, ಯಾವ ಅಂಟು ಒಳ್ಳೆಯದು, ಎಷ್ಟು ತಾಸು ಒಣಗಿಸಬೇಕು ಎಂದು ಕೇಳುತ್ತಾರೆ. ಅದೆಲ್ಲ ಅಂಟಿನ ಡಬ್ಬಿಯ ಮೇಲೆಯೇ ಬರೆದಿರುತ್ತದೆ, ಓದಿಕೊಳ್ಳಿ. ಡಬ್ಬಿಯ ಮೇಲೆ ಬರೆಯದೇ ಇದ್ದದ್ದೂ ಒಂದಿಷ್ಟು ಇದೆ. ನನಗೆ ತಿಳಿದಷ್ಟು ಅದನ್ನು ಬರೆಯುತ್ತೇನೆ.

ಕೆಲಸ ಕಲಿತದ್ದು ಬಸವಕಲ್ಯಾಣದ ಸಸ್ತಾಪುರ ಬಂಗ್ಲಾದ ಹತ್ತಿರ, ಖಾಜಾಮಿಯಾ ಉಸ್ತಾದರ ಕೈಕೆಳಗೆ. ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಲಾರಿಗೆ ಬಾಡಿ ಕಟ್ಟುವವರು, ಬಣ್ಣ ಬಳಿಯುವವರು, ವೆಲ್ಡಿಂಗಿನವರು ಎಲ್ಲರೂ ಆ ಒಂದೇ ಸಾಲಿನಲ್ಲಿದ್ದರು. ನಮ್ಮ ತಗಡಿನ ಶೆಡ್ಡು ಕೊನೆಯದು. ಆಗಿನ ಗಾಜುಗಳೆಲ್ಲ ರಬ್ಬರಿನಲ್ಲಿ ಕೂಡುವಂಥವು. ಗಾಜಿನ ಸುತ್ತ ರಬ್ಬರ್ ಪಟ್ಟಿ ಏರಿಸುವುದು, ಪಟ್ಟಿಯ ಒಳಗಿನ ಸೀಳಿನಲ್ಲಿ ಸುತ್ತಲೂ ಒಂದು ಹಗ್ಗ ಹುದುಗಿಸುವುದು, ಸಾಬೂನು ನೀರು ಸವರಿ ಹೊರಗಿನಿಂದ ಚೌಕಟ್ಟಿಗೆ ಇಡುವುದು. ಹೊರಗೆ ನಿಂತವನು ಅಂಗೈಯಿಂದ ಗಾಜು ಒತ್ತುತ್ತ ಬಂದರೆ, ಒಳಗೆ ಕೂತವನು ಹಗ್ಗ ಎಳೆಯುತ್ತ ಬರುತ್ತಾನೆ. ಹಗ್ಗ ಬಂದ ಹಾಗೆ ರಬ್ಬರಿನ ತುಟಿ ಚೌಕಟ್ಟಿನ ಅಂಚನ್ನು ಕಚ್ಚಿಕೊಳ್ಳುತ್ತದೆ. ಒಂದು ಲಾರಿಯ ಗಾಜು ಚಹಾ ಕುಡಿದು ಮುಗಿಸುವಷ್ಟರಲ್ಲಿ ಕೂತುಬಿಡುತ್ತಿತ್ತು.

ಕೆಲಸ ಸೇರಿದ ಮೊದಲ ವಾರದಲ್ಲೇ ಉಸ್ತಾದರಿಂದ ಬೈಸಿಕೊಂಡೆ. ಒಡೆದ ಗಾಜಿನ ಲಾರಿಯೊಂದು ಬಂದಿತ್ತು. ನಾನು ಚಾಲಕನಿಗೆ, "ಕಲ್ಲು ಬಡೀತೇನ್ರಿ?" ಎಂದು ಕೇಳಿದೆ. ಅವನು ಹೌದು ಅಂದ. ಉಸ್ತಾದರು ನನ್ನನ್ನು ಪಕ್ಕಕ್ಕೆ ಕರೆದರು.

"ಬೇಟಾ, ನೀ ಯಾಕ ಕೇಳ್ದಿ? ಕಲ್ಲು ಅಂತ ನೀನೇ ಅವನ ಬಾಯಾಗ ಇಟ್ಟಿ. ಇನ್ನ ಅವ ಬ್ಯಾರೇದು ಹೇಳಂಗಿಲ್ಲ. ಮೊದಲು ಕಾಚ ನೋಡು. ಬಿರುಕು ಎಲ್ಲಿಂದ ಹೊಂಟದ, ಅದರ ಬೇರು ಹುಡುಕು. ಆಮ್ಯಾಲೆ ಮಂದಿಗಿ ಕೇಳು."

ಆ ದಿನ ಅವರು ಬಿರುಕಿನ ಬೇರು ಹುಡುಕುವುದನ್ನು ತೋರಿಸಿಕೊಟ್ಟರು. ಕಲ್ಲು ಬಡಿದಿದ್ದರೆ ಎಲ್ಲೋ ಒಂದು ಕಡೆ ಸಣ್ಣ ಕುಳಿ ಇದ್ದೇ ಇರುತ್ತದೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಬಿರುಕುಗಳೆಲ್ಲ ಆ ಕುಳಿಯಿಂದ ಹೊರಡುತ್ತವೆ. ಕುಳಿಯೇ ಇಲ್ಲದೆ ಬಿರುಕು ಅಂಚಿನಿಂದ ಹೊರಟಿದ್ದರೆ ಅದು ಕಲ್ಲಿನ ಕೆಲಸವಲ್ಲ. ಚೌಕಟ್ಟು ತಿರುಚಿರಬೇಕು, ತುಕ್ಕು ಉಬ್ಬಿರಬೇಕು, ಇಲ್ಲವೇ ಕೂಡಿಸಿದವನು ತಪ್ಪಿರಬೇಕು. ಆ ಲಾರಿಯ ಗಾಜಿನಲ್ಲಿ ಕುಳಿ ಇತ್ತು, ಚಾಲಕ ಹೇಳಿದ್ದು ನಿಜವೇ. ಆದರೂ ಅಂದಿನಿಂದ ನನಗೊಂದು ಚಟ ಹತ್ತಿತು. ಬಸ್ಸಿನಲ್ಲಿ ಹೋಗುವಾಗಲೂ ಎದುರಿನ ಗಾಜಿನಲ್ಲಿ ಗೀರು ಕಂಡರೆ ಸೀಟು ಬಿಟ್ಟೆದ್ದು ಹೋಗಿ ಬೇರು ಹುಡುಕುತ್ತಿದ್ದೆ. ಕಂಡಕ್ಟರು ಎಷ್ಟೋ ಸಲ ಬೈದು ಕೂಡಿಸಿದ್ದಾರೆ.

ಆರೇಳು ವರ್ಷದ ಮೇಲೆ ಹುಮನಾಬಾದದಲ್ಲಿ ಸ್ವಂತ ಅಂಗಡಿ ಹಾಕಿದೆ. ಆಗ ಬಂದದ್ದು ಹತ್ತಿರದ ಹುಡಗಿ ಎಂಬ ಊರಿನ ಜೀಪು. ಊರಿನಿಂದ ಹುಮನಾಬಾದಕ್ಕೆ ಮಂದಿಯನ್ನು ಹೊತ್ತು ತರುವ ಹಳೇ ಜೀಪು ಅದು. ಮುಂದಿನ ಗಾಜು ಒಡೆದಿತ್ತು, ಕೂಡಿಸಿಕೊಟ್ಟೆ. ಹದಿನೈದು ದಿನಕ್ಕೆ ಮತ್ತೆ ಬಂತು. ಮತ್ತೆ ಕೂಡಿಸಿದೆ. ಮೂರನೆಯ ಸಲ ಬಂದಾಗ ಮಾಲಕನ ಮುಖ ನೋಡಲು ನನಗೇ ನಾಚಿಕೆಯಾಯಿತು. ಮೂರೂ ಸಲ ಬಿರುಕು ಎಡಗಡೆಯ ಕೆಳಮೂಲೆಯಿಂದಲೇ ಹೊರಟಿತ್ತು. ಕುಳಿ ಇರಲಿಲ್ಲ. ತುಕ್ಕೂ ಇರಲಿಲ್ಲ. ಚೌಕಟ್ಟಿಗೆ ಅಳತೆ ಪಟ್ಟಿ ಹಿಡಿದು ನೋಡಿದರೆ ಸರಿಯಾಗಿಯೇ ಇತ್ತು.

"ಈ ಸಲ ಕಾಚ ಹಾಕಂಗಿಲ್ರಿ," ಅಂದೆ. "ಹಂಗಾ ಒಂದು ಸುತ್ತು ಹೊಡ್ಯೂಣು. ನಾನೂ ಕೂಡ್ತೀನಿ."

"ಕಾಚ ಇಲ್ದ?"

"ಕಾಚ ಇಲ್ದಾ ರಿ. ಎರಡು ದಾರ ಕೊಡ್ರಿ ಸಾಕು."

ಖಾಲಿ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿದು ಕಟ್ಟಿದೆ, ಗುಣಿಸುವ ಚಿಹ್ನೆಯ ಹಾಗೆ. ಹತ್ತು ಮಂದಿಯನ್ನು ತುಂಬಿಕೊಂಡು ಹುಡಗಿಯ ಕಡೆ ಹೊರಟೆವು. ಗಾಳಿ, ಧೂಳು, ಹುಳ ಎಲ್ಲ ಮುಖಕ್ಕೆ ಬಡಿಯುತ್ತಿತ್ತು. ಡಾಂಬರಿನ ಮೇಲೆ ದಾರ ಎರಡೂ ಬಿಗಿಯಾಗಿದ್ದವು. ಊರ ಹತ್ತಿರ ಎಡಗಾಲಿ ಒಂದು ತಗ್ಗಿಗೆ ಇಳಿಯಿತು ನೋಡಿ, ಒಂದು ದಾರ ತಂಬೂರಿಯ ತಂತಿಯಂತೆ ಬಿಗಿಯಿತು, ಇನ್ನೊಂದು ಜೋಲುಬಿತ್ತು. ಗಾಲಿ ಮೇಲೆ ಬಂದ ಕೂಡಲೇ ಮತ್ತೆ ಎರಡೂ ಸಮ. ನಿಂತಾಗ ನೇರವಾಗಿರುವ ಚೌಕಟ್ಟು, ಹೊರೆ ಹೊತ್ತು ತಗ್ಗಿಗೆ ಇಳಿದಾಗ ತಿರುಚುತ್ತಿತ್ತು. ಅಲ್ಲೇ ಇಳಿದು ಜೀಪಿನ ಕೆಳಗೆ ನುಸುಳಿದೆ. ಬಾಡಿಯನ್ನು ಚಾಸಿಗೆ ಹಿಡಿಯುವ ಬೋಲ್ಟುಗಳಲ್ಲಿ ಎಡಗಡೆಯದೊಂದು ಬಿದ್ದುಹೋಗಿ ಬರೀ ತೂತು ಉಳಿದಿತ್ತು. ಒಂದು ಬೋಲ್ಟು ಹಾಕಿಸಿದ ಮೇಲೆ ಕೂಡಿಸಿದ ಗಾಜು, ಆ ಜೀಪು ಗುಜರಿಗೆ ಹೋಗುವವರೆಗೂ ಇತ್ತು. ನನ್ನ ಕಸುಬಿನಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ದಿನ ಯಾವುದು ಅಂದರೆ, ಮುಖಕ್ಕೆ ಹುಳ ಬಡಿಸಿಕೊಂಡ ಆ ದಿನವೇ.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಯಿತು. ರಬ್ಬರು ಹೋಗಿ ಅಂಟು ಬಂತು. ಹೊಸ ಕಾರುಗಳಲ್ಲಿ ಗಾಜನ್ನು ಚೌಕಟ್ಟಿಗೆ ಕಪ್ಪು ಅಂಟಿನಿಂದ ಅಂಟಿಸಿಯೇ ಕಳಿಸುತ್ತಿದ್ದರು. ಹಗ್ಗಕ್ಕೆ ಅಲ್ಲೇನೂ ಕೆಲಸವಿಲ್ಲ. ಬಸವಕಲ್ಯಾಣಕ್ಕೆ ಹೋಗಿ ಉಸ್ತಾದರನ್ನು ಕೇಳಿದರೆ, "ಬಿಚ್ಚಾಕ ಬರಲಾರದ್ದು ನನ್ನ ಕೆಲಸ ಅಲ್ಲ ಬೇಟಾ. ನೀ ಬೇಕಾದ್ರ ಕಲಿ," ಅಂದುಬಿಟ್ಟರು. ಹೈದರಾಬಾದಿಗೆ ಹೋಗಿ ಪರಿಚಯದ ಒಬ್ಬ ಫಿಟ್ಟರನ ಹಿಂದೆ ಹತ್ತು ದಿನ ನಿಂತು ನೋಡಿದೆ. ಉಕ್ಕಿನ ತಂತಿಯನ್ನು ಅಂಟಿನಲ್ಲಿ ಚುಚ್ಚಿ, ಒಳಗೊಬ್ಬ ಹೊರಗೊಬ್ಬ ನಿಂತು ಗರಗಸದ ಹಾಗೆ ಎಳೆದು ಹಳೇ ಗಾಜು ಬಿಡಿಸುತ್ತಿದ್ದರು. ಚೌಕಟ್ಟಿನಲ್ಲಿ ಉಳಿದ ಹಳೇ ಅಂಟನ್ನು ಪೂರ್ತಿ ಕೆರೆಯಬಾರದು. ತೆಳುವಾಗಿ ಒಂದೇ ಸಮ ಹೆರೆದು, ಅದರ ಮೇಲೆ ಹೊಸ ಅಂಟಿನ ಸಾಲು ಎಳೆಯಬೇಕು. ಗಾಜು ಕೂಡಿಸಿದ ಮೇಲೆ ಅಂಟು ಹಿಡಿಯುವ ತನಕ ಒಂದು ಕಿಟಕಿ ಇಳಿಸಿಯೇ ಇಡಬೇಕು. ಎಲ್ಲ ಮುಚ್ಚಿ ಬಾಗಿಲು ಜೋರಾಗಿ ಹಾಕಿದರೆ ಒಳಗಿನ ಗಾಳಿಯೇ ಗಾಜನ್ನು ಹೊರಗೆ ನೂಕುತ್ತದೆ. ಏರ್‌ಬ್ಯಾಗು ಉಬ್ಬಿದಾಗ ಈ ಗಾಜಿಗೇ ಆನಿಕೊಂಡು ನಿಲ್ಲುತ್ತದೆ ಎಂದೂ ಅಲ್ಲೇ ತಿಳಿಯಿತು. ಅಲ್ಲಿಯವರೆಗೆ ನಾನು ಗಾಜು ಅಂದರೆ ಗಾಳಿ ಮಳೆ ತಡೆಯುವುದು ಅಷ್ಟೇ ಅಂದುಕೊಂಡಿದ್ದೆ.

ಇನ್ನು ನನ್ನ ದೊಡ್ಡ ತಪ್ಪಿನ ಮಾತಿಗೆ ಬರುತ್ತೇನೆ.

ಎರಡು ಸಾವಿರದ ಆರೋ ಏಳೋ ಇರಬೇಕು. ರಾಜೇಶ್ವರದ ಬಸವಂತರಾವ್ ಸಾವಕಾರರು ತೊಗರಿಬೇಳೆಯ ಗಿರಣಿ ಇಟ್ಟಿದ್ದರು. ಅವರು ವಿದೇಶಿ ಕಂಪನಿಯ ದೊಡ್ಡದೊಂದು ಗಾಡಿ ತಂದರು. ಅಂಥ ಎತ್ತರದ, ಅಂಥ ಬೆಲೆಯ ಗಾಡಿ ನಮ್ಮ ಸುತ್ತ ಬೇರೆ ಇರಲಿಲ್ಲ. ಅದನ್ನು ಓಡಿಸುತ್ತಿದ್ದವನು ಬೇಮಳಖೇಡದ ತುಕಾರಾಮ. ಎಂಟು ವರ್ಷದಿಂದ ಸಾವಕಾರರ ಹತ್ತಿರವೇ ಇದ್ದ. ಮಾತು ಕಡಿಮೆ. ಹೆದ್ದಾರಿಯಲ್ಲಿ ಜಲ್ಲಿ ಲಾರಿಯಿಂದ ಸಿಡಿದ ಕಲ್ಲು ಬಡಿದು ಗಾಜು ಬಿರಿದಿತ್ತು. ಕುಳಿ ಸ್ಪಷ್ಟವಾಗಿ ಕಾಣುತ್ತಿತ್ತು. ಹೈದರಾಬಾದಿನಿಂದ ಹೊಸ ಗಾಜು ತರಿಸಿ, ತುಕಾರಾಮನನ್ನು ಜೊತೆಗೆ ಹಿಡಿದುಕೊಂಡು ಕೆಲಸಕ್ಕೆ ಇಳಿದೆ.

ಆ ಗಾಡಿಯಲ್ಲಿ ನಾನು ಕೇಳಿದ್ದರೂ ಕಂಡಿರದ ಒಂದು ವಸ್ತು ಇತ್ತು. ಮಳೆ ಬಂದರೆ ಯಾರೂ ಗುಂಡಿ ಒತ್ತದೆ ವೈಪರು ತಾನೇ ತಿರುಗುತ್ತಿತ್ತು. ಒಳಗಿನ ಕನ್ನಡಿಯ ಹಿಂದೆ, ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರು ಗಾಜಿಗೆ ಅಂಟಿಕೊಂಡಿತ್ತು. ಅದು ಮಳೆಯನ್ನು ಹೇಗೆ ತಿಳಿಯುತ್ತದೆ? ಹಳೇ ಗಾಜು ಬಿಡಿಸುವಾಗಲೂ ನನ್ನ ತಲೆಯಲ್ಲಿ ಅದೊಂದೇ. ಹಳೇ ಅಂಟು ಹೆರೆಯುವಾಗಲೂ ಅದೇ. ಇವತ್ತು ನೆನೆದರೆ, ಆ ಹೆರೆಯುವ ಕೆಲಸವನ್ನು ನಾನು ಎಷ್ಟು ಅವಸರದಿಂದ ಮುಗಿಸಿದೆ ಎಂಬುದು ಗೊತ್ತಾಗುತ್ತದೆ. ಅಂಟು ಎಳೆದು, ನಾನೊಂದು ಕಡೆ ತುಕಾರಾಮನೊಂದು ಕಡೆ ಹಿಡಿದು ಗಾಜು ಕೂಡಿಸಿ, ಸೆನ್ಸರನ್ನು ಅದರ ಮೆತ್ತನೆಯ ಅಂಟುಪದರದ ಸಮೇತ ಜಾಗಕ್ಕೆ ಒತ್ತಿದೆ.

ಕೀಲಿ ತಿರುಗಿಸಿದ ಕೂಡಲೇ ವೈಪರು ಶುರುವಾಯಿತು. ಹೊರಗೆ ಸುಡುಬಿಸಿಲು. ಒಣ ಗಾಜಿನ ಮೇಲೆ ಕಿರ್ ಕಿರ್ ಎಂದು ತಿರುಗುತ್ತಲೇ ಇತ್ತು. ಆರಿಸಿ ಮತ್ತೆ ಹಚ್ಚಿದರೆ ಮತ್ತೆ ಅದೇ.

"ಇದಕ್ಕ ಎಲ್ಲಿ ಮಳಿ ಕಾಣಾಕತ್ತದೋ ಏನೋ," ಎಂದ ತುಕಾರಾಮ.

ಹೈದರಾಬಾದಿನ ಫಿಟ್ಟರನಿಗೆ ಫೋನು ಹಚ್ಚಿದೆ. ಅವನು ವಿವರಿಸಿದ. ಸೆನ್ಸರು ಒಳಗಿನಿಂದ ಗಾಜಿನೊಳಗೆ ಓರೆಯಾಗಿ ಬೆಳಕು ಬಿಡುತ್ತದೆ. ಗಾಜು ಒಣಗಿದ್ದರೆ ಆ ಬೆಳಕು ತಿರುಗಿ ಬರುತ್ತದೆ, ಹೊರಗೆ ನೀರಿದ್ದರೆ ಸ್ವಲ್ಪ ಸೋರಿಹೋಗುತ್ತದೆ. ತಿರುಗಿ ಬಂದದ್ದು ಕಡಿಮೆಯಾದರೆ ಮಳೆ ಅಂತ ಲೆಕ್ಕ. ನಡುವೆ ಗಾಳಿಯ ಗುಳ್ಳೆ ಇದ್ದರೂ ಅದು ಮೋಸಹೋಗುತ್ತದೆ. ಹೊರಗಿನಿಂದ ಬಗ್ಗಿ ನೋಡಿದೆ. ಹೆಸರುಕಾಳಿನಷ್ಟು ಗುಳ್ಳೆ ಇತ್ತು. ಸೆನ್ಸರು ಬಿಡಿಸಿ, ಒಂದು ಅಂಚಿನಿಂದ ಮೆಲ್ಲಗೆ ಒತ್ತುತ್ತ ಬಂದು ಗುಳ್ಳೆ ಹೊರದೂಡಿದೆ. ವೈಪರು ನಿಂತಿತು. ತುಕಾರಾಮ ತಂಬಿಗೆಯಿಂದ ನಾಲ್ಕು ಹನಿ ಸಿಂಪಡಿಸಿದ, ಒಂದು ಸಲ ಒರೆಸಿ ನಿಂತಿತು. ಮತ್ತೆ ಸಿಂಪಡಿಸಿದ. ಮಾತೇ ಆಡದ ಮನುಷ್ಯ ಆ ದಿನ ನಕ್ಕಿದ್ದನ್ನು ನೋಡಿದೆ. ಇಬ್ಬರೂ ತಂಬಿಗೆ ಖಾಲಿಯಾಗುವವರೆಗೆ ಅದನ್ನೇ ಆಡಿದೆವು. ಗಾಡಿ ಮರುದಿನ ಹೋಯಿತು. ಅದೊಂದು ವಾರ ಸಿಕ್ಕವರಿಗೆಲ್ಲ ನಾನು ಆ ಸೆನ್ಸರಿನ ಕತೆಯನ್ನೇ ಹೇಳಿದೆ.

ಮೂರು ತಿಂಗಳಾಗಿರಬಹುದು. ಆ ಗಾಡಿ ಮತ್ತೆ ಅಂಗಡಿಯ ಮುಂದೆ ನಿಂತಿತು. ಸಾವಕಾರರೇ ಓಡಿಸಿಕೊಂಡು ಬಂದಿದ್ದರು. ಗಾಜಿನ ತುಂಬ ಉದ್ದನೆಯ ಬಿರುಕು ಹರಿದಿತ್ತು.

"ತುಕಾರಾಮ ಎಲ್ಲಿರಿ?" ಎಂದೆ.

"ಕೆಲಸ ಬಿಡಿಸೀನಿ ಅವನ್ನ. ಎಲ್ಲೋ ಬಡಿದು ತಂದಾನ. ಕೇಳಿದ್ರ, ನಿಂತ ಗಾಡಿ ಚಟ್ ಅಂತ ತಾನೇ ಒಡೀತು ಅಂತಾನ. ತಾನೇ ಒಡೀಲಾಕ ಅದೇನು ಹಂಡೆಯಾಗಿನ ಹಾಲೇನು? ಒಡೆದದ್ದಕ್ಕ ಅಲ್ಲ, ಸುಳ್ಳು ಹೇಳಿದ್ದಕ್ಕ ಬಿಡಿಸೀನಿ."

ನಾನು ಗಾಜಿನ ಮೇಲೆ ಉಗುರು ಎಳೆದೆ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ಎಲ್ಲಿಯೂ ಕುಳಿ ಇರಲಿಲ್ಲ. ಬಿರುಕಿನ ಬೇರು ಬಲಗಡೆಯ ಕೆಳಮೂಲೆಯಲ್ಲಿ, ಕಪ್ಪು ಅಂಚಿನೊಳಗೆ ಇಳಿದು ಕಾಣೆಯಾಗುತ್ತಿತ್ತು.

"ಏನಂತೀ? ಕಲ್ಲು ಹೌದೋ ಅಲ್ಲೋ?"

"ಬಿಚ್ಚಿ ನೋಡಿ ಹೇಳ್ತೀನ್ರಿ."

ಸಾವಕಾರರು ಗಾಡಿ ಬಿಟ್ಟು ಗಂಜಿನ ಕಡೆ, ಕಾಳಿನ ಪೇಟೆಗೆ ಹೋದರು. ಪಕ್ಕದ ಪಂಕ್ಚರ್ ಅಂಗಡಿಯವನು ತಂತಿಯ ಇನ್ನೊಂದು ತುದಿ ಹಿಡಿದ. ಗಾಜು ಬಿಡಿಸಿ ಇಳಿಸಿದ ಮೇಲೆ ಅವನು ತನ್ನ ಕೆಲಸಕ್ಕೆ ಹೋದ. ನಾನೊಬ್ಬನೇ ಆ ಮೂಲೆಗೆ ಬಗ್ಗಿದೆ. ಹಳೇ ಅಂಟಿನ ಪದರದಲ್ಲಿ ಜೋಳದ ಕಾಳಿನಷ್ಟು ಗಾಜಿನ ಚೂರು ಹುದುಗಿ ನಿಂತಿತ್ತು. ಕಲ್ಲು ಬಡಿದು ಒಡೆದ ಮೊದಲ ಗಾಜಿನ ಚೂರು ಅದು. ಹೆರೆಯುವಾಗ ನಾನು ಬಿಟ್ಟದ್ದು. ಹೊಸ ಗಾಜು ಮೂರು ತಿಂಗಳು ಅದರ ಮೇಲೆ ಕೂತು, ರಸ್ತೆಯ ಪ್ರತಿ ಕುಲುಕಿಗೂ ಅದಕ್ಕೆ ತಾಗಿ ತಾಗಿ, ಒಂದು ದಿನ ನಿಂತಲ್ಲೇ ಬಿರಿದಿತ್ತು. ತುಕಾರಾಮ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಈ ಕೆಲಸಕ್ಕೆ ಬರುವವರು ಇದನ್ನು ಗಮನವಿಟ್ಟು ಓದಬೇಕು. ಬ್ಲೇಡು ನನ್ನ ಕೈಯಲ್ಲೇ ಇತ್ತು. ಒಂದು ಸಲ ಎಳೆದಿದ್ದರೆ ಆ ಚೂರು ನೆಲಕ್ಕೆ ಬಿದ್ದು ಧೂಳಿನಲ್ಲಿ ಸೇರಿಹೋಗುತ್ತಿತ್ತು. ನೋಡುವವರು ಯಾರೂ ಇರಲಿಲ್ಲ. ಸಾವಕಾರರು ಆಗಲೇ ಕಲ್ಲು ಎಂದು ನಂಬಿದ್ದರು, ನಾನು ಹೂಂ ಅಂದರೆ ಸಾಕಿತ್ತು. ಅವರ ಗಾಡಿಯ ಗಾಜು ನನ್ನ ಕೈಯಿಂದಲೇ ಒಡೆಯಿತು ಅಂತ ಗೊತ್ತಾದರೆ ರಾಜೇಶ್ವರ, ಬಸವಕಲ್ಯಾಣ, ಹುಮನಾಬಾದ ಮೂರೂ ಕಡೆ ನನ್ನ ಹೆಸರು ಹೋಗುತ್ತಿತ್ತು. ಬ್ಲೇಡನ್ನು ಆ ಚೂರಿನ ಬುಡಕ್ಕೆ ಹಚ್ಚಿದ್ದೂ ಉಂಟು. ಸುಳ್ಳು ಹೇಳುವುದಿಲ್ಲ. ಆಗ ಕಣ್ಣೆದುರು ಬಂದದ್ದು ತಂಬಿಗೆ ಹಿಡಿದು ನಗುತ್ತಿದ್ದ ತುಕಾರಾಮನ ಮುಖ. ಬ್ಲೇಡು ಕೆಳಗಿಟ್ಟು ಸಾವಕಾರರಿಗೆ ಫೋನು ಮಾಡಿದೆ.

ಅವರು ಬಂದು ಬಗ್ಗಿ ನೋಡಿದರು. ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ಇಷ್ಟಕ್ಕಾ?"

"ಇಷ್ಟಕ್ಕಾ ರಿ. ಗಲತಿ ನಂದು. ಹೊಸ ಕಾಚ ನಾ ಹಾಕಿಕೊಡ್ತೀನಿ."

"ಇದನ್ನ ಕೆತ್ತಿ ಒಗದಿದ್ರ ನನಗ ತಿಳೀತಿತ್ತೇನು?"

"ಇಲ್ರಿ."

"ಮತ್ತ ಯಾಕ ಕರದಿ?"

"ತುಕಾರಾಮನ್ನ ಬಿಡಿಸೀರಲ್ರಿ."

ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಬೈಯಲಿಲ್ಲ. ಗಿರಣಿಗೆ ಫೋನು ಮಾಡಿ ಜೀಪು ತರಿಸಿದರು. "ಕೂಡು," ಎಂದರು ನನಗೆ. "ಬೇಮಳಖೇಡಕ್ಕ ಹೋಗೂಣು. ನನಗ ಹೇಳಿದ್ದು ಅವನ ಮುಂದ ಹೇಳು."

ನಾವು ಹೋದಾಗ ತುಕಾರಾಮ ಮನೆಯ ಮುಂದೆ ಎಮ್ಮೆಗೆ ಕಣಕಿ ಹಾಕುತ್ತಿದ್ದ. ಸಾವಕಾರರನ್ನು ಕಂಡು ಕೈ ಒರೆಸಿಕೊಂಡು ಬಂದ, ಕಟ್ಟೆಯ ಮೇಲೆ ಕಂಬಳಿ ಹಾಸಿದ. ಅವನ ಹೆಂಡತಿ ನೀರು ತಂದಿಟ್ಟು ಬಾಗಿಲ ಹತ್ತಿರ ನಿಂತಳು. ನಾನು ಕೂಡಲಿಲ್ಲ. ನಿಂತೇ ಎಲ್ಲ ಹೇಳಿದೆ. ಚೂರು ಎಲ್ಲಿತ್ತು, ಹೇಗೆ ಉಳಿಯಿತು, ಅವಸರ ಯಾಕೆ ಮಾಡಿದೆ, ಎಲ್ಲ.

ತುಕಾರಾಮ ನನ್ನ ಕಡೆ ನೋಡಲೇ ಇಲ್ಲ. ಸಾವಕಾರರ ಕಡೆ ತಿರುಗಿದ.

"ಎಂಟು ವರ್ಷ ನಿಮ್ಮ ಗಾಡಿ ಹೊಡದೀನ್ರಿ. ನಾ ಹೇಳಿದ್ದು ನಂಬಲಿಲ್ಲ ನೀವು. ಇವತ್ತ ಕಾಚ ಹೇಳಿದ್ದು ನಂಬಿ ಬಂದೀರಿ."

ಸಾವಕಾರರು ನೀರಿನ ತಂಬಿಗೆ ಕೈಗೆತ್ತಿಕೊಂಡರು, ಕುಡಿಯಲಿಲ್ಲ. ಆಮೇಲೆ ಅದನ್ನು ಕೆಳಗಿಟ್ಟು, "ತಪ್ಪಾತು ತುಕಾರಾಮ," ಎಂದರು. ಅವರ ಬಾಯಿಂದ ಆ ಮಾತನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ತುಕಾರಾಮ ಉಳಿದ ಕಣಕಿಯನ್ನು ಎಮ್ಮೆಯ ಮುಂದೆ ಹಾಕಿ ಬಂದ. "ಬರ್ತೀನ್ರಿ," ಎಂದ ಕೊನೆಗೆ. "ಆದ್ರ ಹೊಸ ಕಾಚ ಕೂಡಿಸೂ ಮುಂದ ನಾ ಅಲ್ಲೇ ನಿಂದ್ರಾವ. ಮೊದಲ ಸಲಾನೂ ನಿಂತಿದ್ದೆ, ಆದ್ರ ನೋಡಲಿಲ್ಲ. ಈ ಸಲ ನೋಡ್ತೀನಿ."

ಎಂಟು ದಿನದ ಮೇಲೆ ಹೈದರಾಬಾದಿನಿಂದ ಗಾಜು ಬಂತು. ತುಕಾರಾಮ ಬೆಳಿಗ್ಗೆಯೇ ಬಂದು ಅಂಗಡಿಯ ಮುಂದೆ ನಿಂತಿದ್ದ. ಸಾವಕಾರರೂ ಬಂದು ಕುರ್ಚಿ ಹಾಕಿಕೊಂಡು ಕೂತರು. ಈ ಸಲ ನಾನು ಸೆನ್ಸರನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟೆ, ಕಣ್ಣಿಗೇ ಬೀಳದ ಹಾಗೆ. ಚೌಕಟ್ಟಿನ ಸುತ್ತ ಹಳೇ ಅಂಟನ್ನು ಗೇಣು ಗೇಣಿಗೆ ನಿಂತು ಹೆರೆದೆ. ಬ್ರಷ್ಷಿನಿಂದ ಗುಡಿಸಿದೆ. ಬ್ಯಾಟರಿಯ ಬೆಳಕು ಬಿಟ್ಟು ಒಂದು ಸುತ್ತು ನೋಡಿದೆ, ಮತ್ತೊಂದು ಸುತ್ತು ನೋಡಿದೆ. ಯಾವ ಮೂಲೆಯಲ್ಲೂ ಏನೂ ಇರಲಿಲ್ಲ. ಅಂಟಿನ ನಳಿಕೆಯ ಮೂತಿ ಕತ್ತರಿಸಿ, "ಇನ್ನ ಹಚ್ಚತೀನ್ರಿ," ಎಂದೆ.

"ಜರಾ ನಿಂದರ್ರಿ," ಎಂದ ತುಕಾರಾಮ.

ಕೈ ತೊಳೆದುಕೊಂಡು ಬಂದು, ಪಂಚೆಗೆ ಒರೆಸಿ, ತೋರುಬೆರಳನ್ನು ಚೌಕಟ್ಟಿನ ಎಡಗಡೆಯ ಕೆಳಮೂಲೆಗೆ ಇಟ್ಟ. ಅಲ್ಲಿಂದ ಬಹಳ ನಿಧಾನವಾಗಿ ಮೇಲಕ್ಕೆ ಬಂದ. ಕಣ್ಣು ಮುಚ್ಚಿಕೊಂಡಿದ್ದ. ಮೇಲಂಚು ದಾಟಿದ, ಬಲಗಡೆ ಇಳಿದ. ಆ ಹಳೇ ಮೂಲೆಯಲ್ಲಿ ಬೆರಳು ಎರಡು ಸಲ ಹಿಂದೆ ಮುಂದೆ ಆಡಿತು, ಏನೂ ಸಿಗದೆ ಮುಂದೆ ಹೋಯಿತು. ಸಾವಕಾರರು ಕುರ್ಚಿಯಿಂದ ಎದ್ದು ನಿಂತಿದ್ದರು. ಕೆಳಗಿನ ಅಂಚಿನ ನಡುವೆ ಬೆರಳು ನಿಂತಿತು.

"ವೈಜಿನಾಥಪ್ಪಾರ, ಇಲ್ಲಿ ಏನೋ ಚುಚ್ಚತದ ನೋಡ್ರಿ."

ನಾನು ಬಗ್ಗಿ ನೋಡಿದೆ, ಕಾಣಲಿಲ್ಲ. ಅವನು ಬೆರಳು ತೆಗೆದ ಜಾಗಕ್ಕೆ ನನ್ನ ಬೆರಳು ಇಟ್ಟೆ. ಇತ್ತು. ಎಳ್ಳಿನಷ್ಟು, ಅದಕ್ಕೂ ಸಣ್ಣದು. ಅಂಟಿನ ನಳಿಕೆ ಪಕ್ಕಕ್ಕಿಟ್ಟು ಮತ್ತೆ ಬ್ಲೇಡು ತೆಗೆದುಕೊಂಡೆ.